ಅಂತರ್ಜಾಲದ ಹರಾಜಿನಲ್ಲಿ ಸಾಮಾನ್ಯ ನಾಣ್ಯ: ಮಾರುವವನ ಧರ್ಮ

ಕನ್ನಡದಲ್ಲಿ ‘ನಾಣ್ಯ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಟಂಕಸಾಲೆಯಲ್ಲಿ ಅಚ್ಚಾಗಿ ಚಲಾವಣೆಗೆ ಬಂದ ಲೋಹದ ತುಂಡು ಎಂಬುದು ಒಂದು. ಉತ್ತಮವಾದುದು, ಸಾಚಾ ಆದುದು, ನಂಬತಕ್ಕದ್ದು ಎಂಬುದು ಇನ್ನೊಂದು. ‘ನಾಣ್ಯವಾದ ಸರಕು’, ‘ನಾಣ್ಯಸ್ಥ ಮನುಷ್ಯ’ ಎಂಬ ಪ್ರಯೋಗಗಳು ನಮ್ಮ ಹಿರಿಯರ ಮಾತಿನಲ್ಲಿ ಸಹಜವಾಗಿದ್ದವು. ಕೈಯಿಂದ ಕೈಗೆ ಹೋಗುವ ವಸ್ತುವಿನ ಹೆಸರೇ ನಂಬಿಕೆಯ ಹೆಸರೂ ಆದದ್ದು ಆಕಸ್ಮಿಕವಲ್ಲ. ಪ್ರತಿಯೊಬ್ಬನೂ ಪ್ರತಿ ಸಲ ಒರೆಗಲ್ಲಿಗೆ ಹಚ್ಚಿ ನೋಡದೆ ಸ್ವೀಕರಿಸಬಹುದಾದದ್ದೇ ನಾಣ್ಯ. ಚಲಾವಣೆ ನಿಂತುಹೋದ ಹಳೆಯ ನಾಣ್ಯಗಳು ಇಂದು ಅಂತರ್ಜಾಲದ ಹರಾಜುಗಳಲ್ಲಿ ದಿನವೂ ಮಾರಾಟವಾಗುತ್ತಿವೆ. ಅಲ್ಲಿ ಕೊಳ್ಳುವವನು ವಸ್ತುವನ್ನು ಮುಟ್ಟಿ ನೋಡಲಾರ, ತೂಗಿ ನೋಡಲಾರ, ಕಲ್ಲಿನ ಮೇಲೆ ಬೀಳಿಸಿ ದನಿ ಕೇಳಲಾರ. ಅವನ ಮುಂದಿರುವುದು ಎರಡು ಛಾಯಾಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆ ಮಾತ್ರ. ಹೀಗಿರುವಾಗ ನಾಣ್ಯದ ಎರಡನೆಯ ಅರ್ಥವನ್ನು ಉಳಿಸಿಕೊಡುವ ಹೊಣೆ ಆ ನಾಲ್ಕು ಸಾಲನ್ನು ಬರೆಯುವವನದು. ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳು ಈ ವ್ಯವಹಾರವನ್ನು ತಮಗೆ ಸಂಬಂಧಿಸಿದ್ದಲ್ಲವೆಂದು ಬದಿಗಿರಿಸಬಾರದು ಎಂಬುದನ್ನು ಇಲ್ಲಿ ಪ್ರತಿಪಾದಿಸಬಯಸುತ್ತೇನೆ.

ಮೊದಲಿಗೆ ‘ಸಾಮಾನ್ಯ ನಾಣ್ಯ’ವೆಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೊಯ್ಸಳ ವಿಷ್ಣುವರ್ಧನನ ‘ಶ್ರೀ ತಲಕಾಡುಗೊಂಡ’ ಎಂಬ ಬರಹವುಳ್ಳ ಚಿನ್ನದ ನಾಣ್ಯವಾಗಲಿ, ಆಳುಪರ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವುಳ್ಳ ನಾಣ್ಯವಾಗಲಿ ಹರಾಜಿಗೆ ಬಂದರೆ ತಜ್ಞರ ಕಣ್ಣು ತಾನಾಗಿ ಅತ್ತ ಹೊರಳುತ್ತದೆ. ಅವುಗಳ ಚಿತ್ರ, ತೂಕ, ಬೆಲೆ ಎಲ್ಲವೂ ಎಲ್ಲಿಯಾದರೂ ದಾಖಲಾಗುತ್ತವೆ. ನನ್ನ ಮಾತು ಅಂಥವನ್ನು ಕುರಿತದ್ದಲ್ಲ. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ, ಈಸ್ಟ್ ಇಂಡಿಯಾ ಕಂಪನಿಯ 1835ರ ತಾಮ್ರದ ಕಾಲಾಣೆ, ಐದನೆಯ ಮತ್ತು ಆರನೆಯ ಜಾರ್ಜರ ಕಾಲದ ರೂಪಾಯಿಗಳು, ಟಿಪ್ಪು ಸುಲ್ತಾನನ ಆನೆಯ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು, ನಮ್ಮ ಕಾಲದಲ್ಲೇ 2001ರಲ್ಲಿ ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣಾರ್ಥ ಹೊರಟ ಐದು ರೂಪಾಯಿ: ಇವು ಸಾಮಾನ್ಯ ನಾಣ್ಯಗಳು. ಅಜ್ಜಿಯ ಪೆಟ್ಟಿಗೆಯಲ್ಲಿ, ದೇವರ ಕೋಣೆಯ ಬಟ್ಟಲಿನಲ್ಲಿ, ಹಳೆಯ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಇವು ಇಂದಿಗೂ ಸಿಗುತ್ತವೆ. ಸಂಗ್ರಾಹಕರಲ್ಲಿ ಅನೇಕರ ಬಳಿ ಈಗಾಗಲೇ ಇರುವುದರಿಂದ ಇವುಗಳ ಬೆಲೆ ಹೆಚ್ಚಿಲ್ಲ. ಬೆಳ್ಳಿಯ ರೂಪಾಯಿಯಾದರೆ ಲೋಹದ ಬೆಲೆಗಿಂತ ತುಸು ಮೇಲೆ. ತಾಮ್ರವಾದರೆ ಅನೇಕ ವೇಳೆ ರಾಶಿಯಾಗಿ, ತೂಕದ ಲೆಕ್ಕದಲ್ಲಿ.

ಈ ಸಾಮಾನ್ಯತೆಯೇ ಜನರನ್ನು ಎರಡು ತುದಿಗಳಿಗೆ ತಳ್ಳಿದೆ. ಒಂದು ತುದಿಯಲ್ಲಿ ಲಕ್ಷಾಂತರ ರೂಪಾಯಿಯ ಭ್ರಮೆ. 2012ರಲ್ಲಿ ಹೊರಟ ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಸಿಗುತ್ತದೆಂಬ ಗಾಳಿಸುದ್ದಿಯನ್ನು ನಂಬಿದವರು ಎಷ್ಟೋ ಮಂದಿ. ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುವ ನೆಪದಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡ ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೀಳುವವರ ವಿಷಯದಲ್ಲಿ ಎಚ್ಚರವಿರಲಿ ಎಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕಾಯಿತು. ಇನ್ನೊಂದು ತುದಿಯಲ್ಲಿ ಪೂರ್ಣ ಅನಾದರ: ‘ಇದಕ್ಕೆ ಬೆಲೆಯಿಲ್ಲ’ ಎಂದು ತಿಳಿದೊಡನೆ ಬೆಳ್ಳಿಯದನ್ನು ಅಕ್ಕಸಾಲಿಗನ ಮೂಸೆಗೆ ಹಾಕುವುದು, ತಾಮ್ರದ್ದನ್ನು ಹಳೆಯ ಪಾತ್ರೆಯ ಜೊತೆ ತೂಕಕ್ಕೆ ಕೊಡುವುದು. ಭ್ರಮೆಗೂ ಅನಾದರಕ್ಕೂ ಮೂಲ ಒಂದೇ, ಬೆಲೆಯೊಂದೇ ಮೌಲ್ಯವೆಂಬ ಎಣಿಕೆ.

ವಿದ್ವಾಂಸರ ನಡುವೆಯೂ ಎರಡು ಪಕ್ಷಗಳಿವೆ. ಪುರಾತನ ವಸ್ತುವಿನ ಯಾವ ಮಾರಾಟವೂ ಸಲ್ಲದು, ಅದು ಹೊಲಗದ್ದೆಗಳನ್ನು ಕದ್ದು ಅಗೆಯುವವರಿಗೆ ಪ್ರೋತ್ಸಾಹ ಎಂಬುದು ಒಂದು ಪಕ್ಷ. ಇತಿಹಾಸವಿರುವುದು ಅಪರೂಪದ ನಾಣ್ಯಕ್ಕೆ ಮಾತ್ರ, ಸಾಮಾನ್ಯವಾದುದು ಬರಿಯ ಸರಕು, ಅದನ್ನು ಹೇಗೆ ಮಾರಿದರೇನು ಎಂಬುದು ವ್ಯಾಪಾರಿಗಳ ಪಕ್ಷ. ಮೊದಲನೆಯ ಪಕ್ಷದ ಕಳಕಳಿ ನಿಜವಾದುದು. ಆದರೆ ಮನೆತನದಲ್ಲಿ ನ್ಯಾಯವಾಗಿ ಉಳಿದು ಬಂದ ಹತ್ತು ರೂಪಾಯಿಗಳನ್ನು ಕಷ್ಟಕಾಲದಲ್ಲಿ ಮಾರುವ ಗೃಹಸ್ಥನನ್ನೂ ನಿಧಿಗಳ್ಳನನ್ನೂ ಅದು ಒಂದೇ ತಕ್ಕಡಿಯಲ್ಲಿಡುತ್ತದೆ. ಎರಡನೆಯ ಪಕ್ಷವನ್ನು ನಾನು ಒಪ್ಪಲಾರೆ. ಮಾರುವುದು ದೋಷವಲ್ಲ, ವಿವರವನ್ನು ಕಳೆದು ಮಾರುವುದು ದೋಷ. ಸಾಮಾನ್ಯ ನಾಣ್ಯದ ವಿಷಯದಲ್ಲಂತೂ ಈ ದೋಷ ಹೆಚ್ಚು ಗುರುತರ. ಏಕೆಂದರೆ ಅಪರೂಪದ ನಾಣ್ಯದ ವಿವರ ಬೇರೆಯವರಿಂದಲೂ ಬಂದೀತು, ಸಾಮಾನ್ಯ ನಾಣ್ಯದ ವಿವರ ಮಾರುವವನಿಂದಲ್ಲದೆ ಮತ್ತೆಲ್ಲಿಂದಲೂ ಬರಲಾರದು.

ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದು ಕಾವ್ಯಕ್ಕೆ ಹತ್ತು ಓಲೆಯ ಪ್ರತಿಗಳಿದ್ದರೆ ಹನ್ನೊಂದನೆಯದು ಸಿಕ್ಕಾಗ ‘ಇದು ಈಗಾಗಲೇ ಇದೆ’ ಎಂದು ಯಾವ ಸಂಪಾದಕನೂ ಅದನ್ನು ಒಲೆಗೆ ಹಾಕುವುದಿಲ್ಲ. ಅದರಲ್ಲಿರುವ ಪಾಠಾಂತರ, ಲಿಪಿಕಾರನ ತಪ್ಪು, ಕೊನೆಯ ಓಲೆಯಲ್ಲಿ ಬರೆದಿಟ್ಟ ಊರು, ತಿಥಿ, ಬರೆಸಿದವರ ಹೆಸರು ಇವೆಲ್ಲವೂ ಬೇಕು. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವೆರಡಕ್ಕೂ ಒಂದೇ ಮಾತೃಕೆಯಿರಬೇಕೆಂದು ಊಹಿಸುತ್ತೇವೆ. ನಾಣ್ಯಶಾಸ್ತ್ರದ ಕ್ರಮವೂ ಇದೇ. ಅಚ್ಚನ್ನು ಕೈಯಿಂದ ಕೊರೆಯುತ್ತಿದ್ದ ಕಾಲದಲ್ಲಿ ಎರಡು ಅಚ್ಚುಗಳು ಒಂದರಂತೆ ಒಂದಿರುತ್ತಿರಲಿಲ್ಲ. ಎರಡು ನಾಣ್ಯಗಳಲ್ಲಿ ಒಂದೇ ಅಕ್ಷರದ ಒಂದೇ ಕೊಂಬು ಒಂದೇ ಕಡೆ ಬಾಗಿದ್ದರೆ ಅವೆರಡೂ ಒಂದೇ ಅಚ್ಚಿನ ಮಕ್ಕಳು. ಹೀಗೆ ಹೋಲಿಸುತ್ತ ಹೋದರೆ ಒಂದು ಟಂಕಸಾಲೆ ಎಷ್ಟು ಅಚ್ಚುಗಳನ್ನು ಬಳಸಿತು, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಧರಿಸಬಹುದು. ಈ ಕೆಲಸ ಒಂದೆರಡು ಉತ್ತಮ ಮಾದರಿಗಳಿಂದ ಆಗುವಂಥದ್ದಲ್ಲ. ಅದಕ್ಕೆ ನೂರಾರು ಸಾಮಾನ್ಯ ನಾಣ್ಯಗಳು ಬೇಕು, ಸವೆದವೂ ಬೇಕು.

ಕೆಲವು ನಿದರ್ಶನಗಳನ್ನು ನೋಡಬಹುದು. 1862 ಎಂದು ಇಸವಿಯಿರುವ ರೂಪಾಯಿಯೆಲ್ಲ ಆ ವರ್ಷದ್ದಲ್ಲ. ಇಸವಿಯನ್ನು ಬದಲಿಸದೆ 1874ರ ವರೆಗೂ ಅದೇ ಅಂಕಿಯಲ್ಲಿ ರೂಪಾಯಿಗಳನ್ನು ಅಚ್ಚು ಹಾಕಲಾಯಿತು. ಮುಂಬಯಿಯ ಟಂಕಸಾಲೆಯ ರೂಪಾಯಿಗಳಲ್ಲಿ ಇಸವಿಯ ಬಳಿ ಇಟ್ಟ ಸಣ್ಣ ಚುಕ್ಕೆಗಳನ್ನು ಎಣಿಸಿ ನಿಜವಾದ ವರ್ಷವನ್ನು ಗುರುತಿಸಲು ನಾಣ್ಯತಜ್ಞರು ಯತ್ನಿಸುತ್ತಾರೆ. ಮಾರುವವನು ‘1862ರ ರೂಪಾಯಿ, ಉತ್ತಮ ಸ್ಥಿತಿ’ ಎಂದಷ್ಟೇ ಬರೆದು, ಚುಕ್ಕೆ ಕಾಣದಂಥ ಮಸುಕು ಚಿತ್ರವನ್ನು ಹಾಕಿದರೆ ಆ ನಾಣ್ಯದ ಕಾಲವೇ ಕಳೆದುಹೋದಂತೆ.

ಟಿಪ್ಪುವಿನ ತಾಮ್ರದ ನಾಣ್ಯಗಳನ್ನು ತೆಗೆದುಕೊಳ್ಳಿ. ಅವನ ನಾಣ್ಯಗಳಿಗೆ ಗ್ರಹನಕ್ಷತ್ರಗಳ ಹೆಸರುಗಳಿದ್ದವು: ಪೈಸೆಗೆ ಶುಕ್ರನ ಹೆಸರಾದ ಜೋಹ್ರಾ, ಅರ್ಧಕ್ಕೆ ಕುಜನ ಹೆಸರಾದ ಬಹ್ರಾಮ್, ಕಾಲಿಗೆ ನಕ್ಷತ್ರವೆಂಬ ಅರ್ಥದ ಅಖ್ತರ್, ಅದರ ಅರ್ಧಕ್ಕೆ ಧ್ರುವನ ಹೆಸರಾದ ಕುತುಬ್. 1787ರಲ್ಲಿ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ಬಳಕೆಗೆ ತಂದ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸುಮಾರು 1796ಕ್ಕೆ ಸಲ್ಲುವ 1224 ಎಂಬ ವರ್ಷವನ್ನು ಇದನ್ನರಿಯದವನು 4221 ಎಂದು ಓದಿ ಬೆಚ್ಚಿಬೀಳುತ್ತಾನೆ. ಪಟ್ಟಣವೆಂದರೆ ಶ್ರೀರಂಗಪಟ್ಟಣ, ನಗರವೆಂದರೆ ಬಿದನೂರು, ಫರ್ರುಖ್ ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ: ಹೀಗೆ ಟಂಕಸಾಲೆಯ ಹೆಸರೂ ಅಲ್ಲಿರುತ್ತದೆ. ಯಾವ ಊರಿನ ಟಂಕಸಾಲೆಯ ಪೈಸೆ ಯಾವ ಸೀಮೆಯಲ್ಲಿ ಎಷ್ಟು ಸಿಗುತ್ತದೆ ಎಂಬುದು ಆ ಕಾಲದ ವ್ಯಾಪಾರದ ಹಾದಿಗಳನ್ನು ತಿಳಿಸಬಲ್ಲ ಸಾಕ್ಷ್ಯ. ಆದರೆ ಹರಾಜಿನ ಪಟ್ಟಿಯಲ್ಲಿ ‘ಟಿಪ್ಪು ಆನೆ ನಾಣ್ಯ, ಹತ್ತರ ಗುಂಪು’ ಎಂದಿದ್ದರೆ ಈ ಪ್ರಶ್ನೆಯನ್ನು ಕೇಳುವ ಅವಕಾಶವೇ ಇಲ್ಲ.

ಇನ್ನು ಮುಮ್ಮಡಿ ಕೃಷ್ಣರಾಜರ ಕಾಲದ ಕಾಸುಗಳು. ಕನ್ನಡದ ವಿದ್ಯಾರ್ಥಿಗೆ ಇವು ತೀರ ಹತ್ತಿರದ ದಾಖಲೆಗಳು. ಆನೆಯ ಮೇಲೆ ‘ಶ್ರೀ’, ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹ, ಕನ್ನಡದ ಅಂಕಿ, ಅದೇ ಮೌಲ್ಯ ಇಂಗ್ಲಿಷಿನಲ್ಲಿಯೂ: ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಡಳಿತದ ಭಾಷೆಗಳು ಹೇಗೆ ಒಂದರ ಪಕ್ಕದಲ್ಲಿ ಒಂದು ನಿಂತಿದ್ದವು ಎಂಬುದನ್ನು ಅಂಗೈಯಗಲಕ್ಕಿಂತ ಕಿರಿದಾದ ತಾಮ್ರದ ಮೇಲೆ ಓದಬಹುದು. ಕನ್ನಡ ಅಚ್ಚುಮೊಳೆಗಳ ರೂಪ ಇನ್ನೂ ನೆಲೆಗೊಳ್ಳುತ್ತಿದ್ದ ಕಾಲದಲ್ಲಿ ಟಂಕಸಾಲೆಯ ಅಚ್ಚುಕೊರೆಯುವವನು ಅಕ್ಷರಗಳನ್ನು ಹೇಗೆ ಬರೆದ, ದೀರ್ಘ, ಒತ್ತಕ್ಷರ, ಅಂಕಿಗಳಿಗೆ ಯಾವ ರೂಪ ಕೊಟ್ಟ ಎಂಬುದು ಲಿಪಿಶಾಸ್ತ್ರದ ವಿಷಯ. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚುವುದರೊಂದಿಗೆ ಈ ಪರಂಪರೆಯೂ ಮುಗಿಯಿತು. ಈ ಕಾಸುಗಳು ಸಾಮಾನ್ಯವಾಗಿರುವುದರಿಂದಲೇ ಹೋಲಿಕೆಯ ಅಧ್ಯಯನ ಸಾಧ್ಯ. ಸಾಮಾನ್ಯವಾಗಿರುವುದರಿಂದಲೇ ಅವು ಹೆಸರಿಲ್ಲದೆ ರಾಶಿಯಲ್ಲಿ ಹೋಗುತ್ತಿವೆ.

ಸಾಮಾನ್ಯತೆ ಶಾಶ್ವತವೂ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಕೃತಿಯನ್ನು ಉಳಿಸುವ ದಾರಿ ಅದನ್ನು ಸಾಮಾನ್ಯವಾಗಿಸುವುದೇ ಎಂಬುದನ್ನು ಆ ತಾಯಿ ಅರಿತಿದ್ದಳು. ಆದರೆ ಆ ಸಾವಿರದಲ್ಲಿ ಯಾವ ಪ್ರತಿ ಯಾರ ಮನೆಗೆ, ಯಾವ ಬಸದಿಗೆ ಹೋಯಿತೆಂಬ ಲೆಕ್ಕ ಇಂದು ನಮ್ಮ ಬಳಿ ಇಲ್ಲ. ಅವಳು ಬಸದಿ ಕಟ್ಟಿಸಿದ ಲಕ್ಕುಂಡಿಯೇ ಶಾಸನಗಳ ಲೊಕ್ಕಿಗುಂಡಿ. ಲೊಕ್ಕಿ ಗದ್ಯಾಣವೆಂಬ ನಾಣ್ಯಕ್ಕೆ ಹೆಸರು ಕೊಟ್ಟ ಊರು. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಹಾಲಿನ ಅಭಿಷೇಕಕ್ಕಾಗಿ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಏರ್ಪಡಿಸಿದ್ದನ್ನು ಓದುತ್ತೇವೆ. ಆ ದಿನಗಳಲ್ಲಿ ಗದ್ಯಾಣ ಅಂಗಡಿಬೀದಿಯ ಮಾತು. ಇಂದು ಅದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿದೆ. ಇಂದಿನ ಆನೆಯ ಕಾಸಿಗೂ ಮುಂದೊಂದು ದಿನ ಅದೇ ಗತಿ ಬಂದೀತು.

ಹಾಗಾದರೆ ಮಾರುವವನು ಏನು ಮಾಡಬೇಕು? ಇದಕ್ಕೆ ಹೊಸ ನೀತಿಸಂಹಿತೆಯನ್ನು ಹುಡುಕಬೇಕಾಗಿಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಆಶ್ಚರ್ಯವೆಂದರೆ ಆ ಐದೂ ಇಂದಿನ ನಾಣ್ಯದ ಹರಾಜಿಗೆ ನೇರವಾಗಿ ಅನ್ವಯಿಸುತ್ತವೆ.

ಕಳ್ಳನನ್ನು ಪ್ರೇರಿಸುವುದು ಸ್ತೇನಪ್ರಯೋಗ. ಕಳ್ಳ ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ಮಣ್ಣು ಮೆತ್ತಿದ, ಈಗತಾನೆ ಅಗೆದಂತಿರುವ ನಾಣ್ಯಗಳ ರಾಶಿಯನ್ನು ಎಲ್ಲಿಯದೆಂದು ಕೇಳದೆ ಕೊಂಡು ಬಿಡಿಬಿಡಿಯಾಗಿ ಮಾರುವವನು ಈ ಎರಡಕ್ಕೂ ಪಕ್ಕಾಗುತ್ತಾನೆ. ‘ನಾನು ಕದ್ದಿಲ್ಲ’ ಎಂಬ ಸಮಾಧಾನವನ್ನು ನಮ್ಮ ಆಚಾರ್ಯರು ಒಪ್ಪಿರಲಿಲ್ಲ. ಮಡಕೆಯೊಂದರಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳಲ್ಲಿ ತೀರ ಈಚಿನದು ಯಾವುದೆಂಬುದರಿಂದ ಅದನ್ನು ಹೂತ ಕಾಲವನ್ನು ಅಂದಾಜು ಮಾಡುತ್ತೇವೆ. ಯಾವ ಯಾವ ನಾಣ್ಯ ಎಷ್ಟೆಷ್ಟಿತ್ತು ಎಂಬುದರಿಂದ ಅಂದಿನ ಚಲಾವಣೆಯನ್ನು ಊಹಿಸುತ್ತೇವೆ. ಆ ಗುಂಪನ್ನು ಒಡೆದು ಇಪ್ಪತ್ತು ಊರುಗಳಿಗೆ ಅಂಚೆಯಲ್ಲಿ ಕಳಿಸಿದ ಮೇಲೆ ಉಳಿಯುವುದು ಲೋಹ ಮಾತ್ರ.

ಮೂರನೆಯದು ವಿರುದ್ಧರಾಜ್ಯಾತಿಕ್ರಮ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ರಾಜ್ಯದ ಕ್ರಮ ತಪ್ಪಿದೆಡೆಯಲ್ಲಿ ಬೆಲೆಬಾಳುವ ದ್ರವ್ಯವನ್ನು ಅಗ್ಗಕ್ಕೆ ಗಿಟ್ಟಿಸುವ ಹವಣಿಕೆಯನ್ನು ನಿರ್ದೇಶಿಸುತ್ತಾರೆ. ನಮ್ಮ ಕಾಲದಲ್ಲಿ ರಾಜ್ಯದ ಕ್ರಮವೆಂದರೆ ಕಾನೂನು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಪುರಾವಸ್ತು. ಅದರ ವ್ಯಾಪಾರ ನಡೆಸುವವನಿಗೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂತರ್ಜಾಲದಲ್ಲಿ ಕೊಳ್ಳುವವನು ಸಮುದ್ರದಾಚೆ ಇದ್ದಾನೆಂಬುದು ಕೊನೆಯ ಗಳಿಗೆಯಲ್ಲಿ ತಿಳಿಯಬಹುದು. ಆಗ ಬೆಲೆ ನೋಡಿ ಕಣ್ಣು ಮುಚ್ಚುವುದು ಅತಿಕ್ರಮ. ಈ ನೂರು ವರ್ಷದ ಗೆರೆ ನಿಂತಲ್ಲಿ ನಿಂತಿರುವುದಿಲ್ಲ, ಪ್ರತಿ ವರ್ಷವೂ ಒಂದು ಹೆಜ್ಜೆ ಮುಂದೆ ಬರುತ್ತದೆ ಎಂಬುದನ್ನು ಮಾರುವವರು ಮರೆಯಬಾರದು. ವಿಕ್ಟೋರಿಯಾ ರೂಪಾಯಿಗಳೆಲ್ಲವೂ ಆ ಗೆರೆಯನ್ನು ಎಂದೋ ದಾಟಿವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯಂತೂ 1878ರಷ್ಟು ಹಳೆಯದು.

ನಾಲ್ಕನೆಯದು ಹೀನಾಧಿಕಮಾನೋನ್ಮಾನ: ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ. ನಾಣ್ಯದ ಲೋಕದಲ್ಲಿ ಇದು ತಕ್ಕಡಿಯಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ನಡೆಯುತ್ತದೆ. ಹಳ್ಳಿಯ ಮನೆಯಿಂದ ಕೊಳ್ಳುವಾಗ ‘ಸವಕಲು, ಮುಖವೇ ಕಾಣುವುದಿಲ್ಲ’ ಎಂದು ಹೇಳಿದ ನಾಣ್ಯ, ಹರಾಜಿನ ಪಟ್ಟಿ ಸೇರುವಾಗ ‘ಅತ್ಯುತ್ತಮ ಸ್ಥಿತಿ, ಅಪರೂಪ’ ಎಂದಾಗುತ್ತದೆ. ನಾಣ್ಯ ಅದೇ, ಅಳತೆಗೋಲು ಮಾತ್ರ ಎರಡು. ‘ಅಪರೂಪ’ ಎಂಬ ವಿಶೇಷಣವಂತೂ ಈ ಪಟ್ಟಿಗಳಲ್ಲಿ ಅರ್ಥವನ್ನೇ ಕಳೆದುಕೊಂಡಿದೆ. ಐದನೆಯ ಜಾರ್ಜನ 1911ರ ರೂಪಾಯಿಯನ್ನು ಕಡಿಮೆ ದೊರೆಯುವಂಥದ್ದು ಎಂದರೆ ಅದಕ್ಕೆ ಕಾರಣವಿದೆ: ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದು ಅದನ್ನು ಹಿಂದೆಗೆದುಕೊಂಡು, 1912ರಿಂದ ಚಿತ್ರವನ್ನು ತಿದ್ದಿದರು. ಆದರೆ ತಿದ್ದಿದ ಮೇಲಿನ ರೂಪಾಯಿಗಳಿಗೂ ಅದೇ ವಿಶೇಷಣವನ್ನು ಅಂಟಿಸುವುದು ಸುಳ್ಳು ತೂಕದ ಬೊಟ್ಟು.

ಐದನೆಯದು ಪ್ರತಿರೂಪಕವ್ಯವಹಾರ. ಕೃತಕವಾದ ಹಿರಣ್ಯಾದಿಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ಪೂಜ್ಯಪಾದರು ಇದನ್ನು ಅರ್ಥೈಸುತ್ತಾರೆ. ಹಿರಣ್ಯವೆಂದರೆ ವ್ಯವಹಾರಕ್ಕೆ ಬಳಸುವ ಬೆಳ್ಳಿ ಮೊದಲಾದುದೆಂದು ಅವರೇ ಬೇರೆಡೆ ಹೇಳುವುದನ್ನು ನೆನೆದರೆ, ಖೋಟಾ ನಾಣ್ಯ ಈ ವ್ಯಾಖ್ಯಾನದ ನಡುಮನೆಯಲ್ಲೇ ಕುಳಿತಿದೆ. ರಾಮ, ಹನುಮಂತ ಮೊದಲಾದ ದೇವತೆಗಳ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ 1818 ಎಂಬ ಇಸವಿಯನ್ನೂ ಹೊತ್ತ ಬಿಲ್ಲೆಗಳು ಹರಾಜುಗಳಲ್ಲಿ ಧಾರಾಳವಾಗಿವೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿದ್ದೇ ಇಲ್ಲ. ಅವನ್ನು ಪೂಜೆಯ ಬಿಲ್ಲೆಯೆಂದು ಮಾರಿದರೆ ತಪ್ಪಿಲ್ಲ. ಇನ್ನೂರು ವರ್ಷದ ನಾಣ್ಯವೆಂದು ಮಾರಿದರೆ ಭಕ್ತಿಯನ್ನೂ ಇತಿಹಾಸವನ್ನೂ ಒಟ್ಟಿಗೆ ವಂಚಿಸಿದಂತೆ. ತನ್ನ ಸ್ನೇಹಿತನಿಂದಲೇ ಸವಾಲು ಕೂಗಿಸಿ ಬೆಲೆ ಏರಿಸುವುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಅಲ್ಲಿ ನಾಣ್ಯ ಸಾಚಾ ಇರಬಹುದು, ಗಿರಾಕಿ ಖೋಟಾ.

ಜೈನ ವಾಙ್ಮಯದಲ್ಲಿ ನಾಣ್ಯದ ವಿವರಣೆ ಶಾಸ್ತ್ರದ ಮಟ್ಟಕ್ಕೇರಿದ ನಿದರ್ಶನವೂ ಉಂಟು. ದೆಹಲಿಯ ಟಂಕಸಾಲೆಯ ಅನುಭವವಿದ್ದ ಶ್ರಾವಕ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಕೃತಿಯನ್ನು ರಚಿಸಿದ. ತನ್ನ ಕಾಲದಲ್ಲಿ ವಿನಿಮಯಕ್ಕೆ ಬರುತ್ತಿದ್ದ ನಾನಾ ರಾಜ್ಯಗಳ ನಾಣ್ಯಗಳ ಹೆಸರು, ತೂಕ, ಅದರಲ್ಲಿರುವ ಲೋಹದ ಪ್ರಮಾಣ, ವಿನಿಮಯದ ದರ ಇವನ್ನು ಅವನು ಪದ್ಯಗಳಲ್ಲಿ ಹೇಳಿದ್ದಾನೆ. ಅವನ ಮುಂದೆ ಬಂದವು ರಾಜರ ಉಡುಗೊರೆಯ ನಾಣ್ಯಗಳಲ್ಲ. ಚಿನಿವಾರನ ಮಣೆಯ ಮೇಲೆ ಬಂದು ಬೀಳುತ್ತಿದ್ದ ನಿತ್ಯದ ನಾಣ್ಯಗಳು. ಕರಗಿಸಲು ಬಂದದ್ದನ್ನೂ ಕರಗಿಸುವ ಮುನ್ನ ವಿವರಿಸಬೇಕೆಂಬ ಆ ಶಿಸ್ತಿನಿಂದಾಗಿ, ಮೂಸೆಗೆ ಹೋದ ಎಷ್ಟೋ ನಾಣ್ಯಗಳ ಅರಿವು ನಮಗೆ ಉಳಿದಿದೆ. ವಸ್ತು ಹೋದರೂ ವಿವರ ಉಳಿದರೆ ಜ್ಞಾನ ಉಳಿಯುತ್ತದೆ. ವಸ್ತು ಉಳಿದು ವಿವರ ಹೋದರೆ ಉಳಿಯುವುದು ಕುತೂಹಲ ಮಾತ್ರ. ಇಂದಿನ ಹರಾಜಿನ ಮಾರಾಟಗಾರ ಮಾಡಬೇಕಾದುದು ಫೇರುವಿನ ಕೆಲಸದ ಒಂದು ಕಿರಿಯ ರೂಪ.

ಆ ಕಿರಿಯ ರೂಪ ದೊಡ್ಡ ಹೊರೆಯೇನಲ್ಲ. ಎರಡೂ ಮುಖಗಳ, ಬಣ್ಣ ತಿದ್ದದ, ಓರೆ ಬೆಳಕಿನಲ್ಲಿ ತೆಗೆದ ಚಿತ್ರ, ಗ್ರಾಮಿನ ಎರಡು ದಶಮಾಂಶದವರೆಗೆ ತೂಕ, ಮಿಲಿಮೀಟರಿನಲ್ಲಿ ಅಗಲ, ಸ್ಪಷ್ಟವಾಗಿ ಓದಲಾಗುವ ಅಕ್ಷರ, ಅಂಕಿಗಳು ಮತ್ತು ಊಹಿಸಿ ತುಂಬಿದವು ಬೇರೆಬೇರೆಯಾಗಿ, ನಾಣ್ಯ ತನಗೆ ಹೇಗೆ ಬಂತು ಎಂಬ ಒಂದು ಸಾಲು, ಅದಕ್ಕೆ ತಾನು ಏನಾದರೂ ಮಾಡಿದ್ದರೆ ಅದರ ಉಲ್ಲೇಖ. ಇಷ್ಟು ಸಾಕು. ತೂಕದ ಪ್ರಯೋಜನ ಎಷ್ಟೆಂಬುದಕ್ಕೆ ವಿಕ್ಟೋರಿಯಾ ರೂಪಾಯಿಯನ್ನೇ ನೋಡಬಹುದು. ಅದರ ನಿಗದಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಸವೆತದಿಂದ ತುಸು ಕಡಿಮೆಯಾಗಿದ್ದರೆ ಸಹಜ. ಮುಖ ಹೊಸದಾಗಿ ಹೊಳೆಯುತ್ತಿದ್ದು ತೂಕ ಮಾತ್ರ ಬಹಳ ಕಡಿಮೆಯಾಗಿದ್ದರೆ ಅನುಮಾನಿಸಲೇಬೇಕು. ಆರನೆಯ ಜಾರ್ಜನ ಕಾಲದಲ್ಲಿ, 1940ರ ಬಳಿಕ, ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್ಲಿನದು. ಇದನ್ನು ಹೇಳದೆ ಎಲ್ಲವನ್ನೂ ‘ಬೆಳ್ಳಿ ರೂಪಾಯಿ’ ಎಂದು ಒಂದೇ ಗಂಟಿನಲ್ಲಿ ಮಾರುವುದು ಅಜ್ಞಾನವಾದರೆ ಕ್ಷಮ್ಯ, ತಿಳಿದೂ ಮಾಡಿದರೆ ಅಲ್ಲ.

ನಾಣ್ಯಕ್ಕೆ ಏನು ಮಾಡಿದೆವೆಂಬುದನ್ನು ಹೇಳಬೇಕೆಂದೆ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜುವ ನಮ್ಮ ಮನೆಗಳ ಅಭ್ಯಾಸ ನಾಣ್ಯದ ಪಾಲಿಗೆ ಕಂಟಕ. ಎರಡು ಶತಮಾನಗಳಲ್ಲಿ ಮೇಲ್ಮೈಯಲ್ಲಿ ಕೂಡಿಬಂದ ಕಂದು, ಹಸಿರು ಪದರ ನಿಮಿಷದಲ್ಲಿ ಹೋಗುತ್ತದೆ, ಅದರೊಂದಿಗೆ ಅಕ್ಷರದ ಅಂಚೂ ಹೋಗುತ್ತದೆ. ಹೊಳಪು ಕಂಡು ಹೊಸ ಸಂಗ್ರಾಹಕ ಹೆಚ್ಚು ಕೊಟ್ಟಾನು, ಬಲ್ಲವನು ಕೊಡುವುದಿಲ್ಲ. ಇದೇ ರೀತಿ ಬಳೆ ಬೆಸೆದ ಗುರುತಿರುವ ರೂಪಾಯಿಯನ್ನು ‘ಹಾಳಾದದ್ದು’ ಎಂದು ತಳ್ಳಿಹಾಕುವುದೂ ಸರಿಯಲ್ಲ. ಲಂಬಾಣಿ ಹೆಣ್ಣುಮಕ್ಕಳ ಆಭರಣದಲ್ಲಿ ತೂಗಿದ ರೂಪಾಯಿಗೆ ಬೆಸುಗೆಯ ಗುರುತೇ ಅದರ ಚರಿತ್ರೆ. ಆ ಗುರುತನ್ನು ಅರದಿಂದ ತಿಕ್ಕಿ ಮರೆಮಾಚದೆ, ಇದ್ದುದನ್ನು ಇದ್ದಂತೆ ಹೇಳಿ ಮಾರಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳು ಎರಡು. ನೂರಿನ್ನೂರು ರೂಪಾಯಿಯ ನಾಣ್ಯಕ್ಕೆ ಇಷ್ಟು ಶ್ರಮ ಗಿಟ್ಟುವುದೆ ಎಂಬುದು ಮೊದಲನೆಯದು. ಲಾಭದ ಲೆಕ್ಕದಲ್ಲಿ ಗಿಟ್ಟಲಿಕ್ಕಿಲ್ಲ. ಆ ಕಷ್ಟವನ್ನು ಅಲ್ಲಗಳೆಯಲಾರೆ. ಅದಕ್ಕೇ ಗುಂಪಾಗಿ ಮಾರುವುದನ್ನು ನಾನು ವಿರೋಧಿಸುವುದಿಲ್ಲ. ಒಂದೇ ಮನೆಯ, ಒಂದೇ ಡಬ್ಬಿಯ ಇಪ್ಪತ್ತು ನಾಣ್ಯಗಳನ್ನು ಒಡೆಯದೆ ಒಂದೇ ಗುಂಪಾಗಿ, ಇಂಥ ತಾಲ್ಲೂಕಿನ ಮನೆಯೊಂದರಲ್ಲಿದ್ದವು ಎಂದು ಬರೆದು ಮಾರಿದರೆ, ಬಿಡಿಬಿಡಿಯಾಗಿ ಹೊಳಪಿಟ್ಟು ಮಾರಿದ್ದಕ್ಕಿಂತ ಶ್ರಮವೂ ಕಡಿಮೆ, ಉಪಕಾರವೂ ಹೆಚ್ಚು. ಬೇರೆಬೇರೆ ಕಡೆಯವನ್ನು ಬೆರೆಸಿ ‘ಹಳೆಯ ಸಂಗ್ರಹ’ ಎಂದು ಹೆಸರಿಡುವುದಷ್ಟೇ ವರ್ಜ್ಯ.

ಎರಡನೆಯ ಆಕ್ಷೇಪ ನಮ್ಮವರಿಂದಲೇ ಬರುವುದು. ಅಪರಿಗ್ರಹವನ್ನು ಪರಮಧರ್ಮವೆನ್ನುವವರು ನಾಣ್ಯಸಂಗ್ರಹದ ನೀತಿಯನ್ನೇಕೆ ಬೋಧಿಸಬೇಕು? ಗೃಹಸ್ಥನಿಗೆ ವಿಹಿತವಾದದ್ದು ಪರಿಗ್ರಹಪರಿಮಾಣ; ಹಿರಣ್ಯ, ಸುವರ್ಣಗಳಿಗೂ ಅವನು ತಾನೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ಮಿತಿ ಮೀರಿದ್ದನ್ನು ಬಿಟ್ಟುಕೊಡುವ ದಾರಿಗಳಲ್ಲಿ ದಾನ ಶ್ರೇಷ್ಠ, ನ್ಯಾಯವಾದ ಮಾರಾಟವೂ ಒಂದು ದಾರಿ. ವಸ್ತುವನ್ನು ಬಿಡುವಾಗ ಅದರ ಜ್ಞಾನವನ್ನು ಎಲ್ಲರಿಗೂ ಕೊಟ್ಟು ಬಿಟ್ಟರೆ ಅದು ಶಾಸ್ತ್ರದಾನಕ್ಕೆ ಹತ್ತಿರವಾದ ಕೆಲಸ. ನಾಣ್ಯ ಕೊಂಡವನೊಬ್ಬನಿಗೆ ಸೇರುತ್ತದೆ, ಅದರ ವಿವರ ಓದಿದವರೆಲ್ಲರಿಗೂ ಸೇರುತ್ತದೆ.

ಕೊನೆಯದಾಗಿ ಸಂಶೋಧಕರಿಗೆ ಒಂದು ಮಾತು. ಮಾರುವವನಿಗೆ ಧರ್ಮವನ್ನು ವಿಧಿಸಿ ನಾವು ಕೈಕಟ್ಟಿ ಕೂರುವಂತಿಲ್ಲ. ಹರಾಜು ಮುಗಿದ ಕೆಲವು ದಿನಗಳಲ್ಲಿ ಆ ಪುಟಗಳು ಮಾಯವಾಗುತ್ತವೆ. ಅದರೊಂದಿಗೆ ಚಿತ್ರ, ತೂಕ, ಊರಿನ ಹೆಸರು ಎಲ್ಲವೂ. ಕನ್ನಡ ಬರಹವಿರುವ ನಾಣ್ಯಗಳ ಮಟ್ಟಿಗಾದರೂ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಈ ವಿವರಗಳನ್ನು ದಿನಾಂಕಸಹಿತ ದಾಖಲಿಸಿಡುವ ಕೆಲಸವನ್ನು ಹಂಚಿಕೊಳ್ಳಬೇಕು. ಶಾಸನಗಳ ಪಡಿಯಚ್ಚು ತೆಗೆಯಲು ಊರೂರು ಅಲೆದ ಪೂರ್ವಸೂರಿಗಳ ಶ್ರಮಕ್ಕೆ ಹೋಲಿಸಿದರೆ ಇದು ಕುಳಿತಲ್ಲೇ ಆಗುವ ಕೆಲಸ. ಮಾರುವವನು ಅಕ್ಷರವನ್ನು ತಪ್ಪಾಗಿ ಓದಿದ್ದರೆ ಅವನಿಗೆ ವಿನಯದಿಂದ ಬರೆದು ತಿಳಿಸಬೇಕು. ಬಹುಪಾಲು ಮಂದಿ ತಪ್ಪು ಬರೆಯುವುದು ವಂಚನೆಗಾಗಿ ಅಲ್ಲ, ಓದಿಕೊಡುವವರಿಲ್ಲದೆ. ‘ಮಯಿಲಿ ಕಾಸು’ ಎಂಬುದನ್ನು ಓದಬಲ್ಲವರು ನಾವು. ಅದನ್ನು ಓದಿಕೊಡದೆ, ತೂಕಕ್ಕೆ ಹೋಯಿತೆಂದು ಮರುಗುವ ಅಧಿಕಾರ ನಮಗಿಲ್ಲ.